ಹಂದಿ ಸೋಂಪಿನ ಬುಡದಲ್ಲಿ ಹಿಕ್ಕೆ ಹುಡುಕುವುದು ಹೇಗೆ

ಮೊದಲ ವರ್ಷ ನಾನು ಮಾಡಿದ ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಟೋಬರಿನ ಒಂದು ಶನಿವಾರ, ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯಿಂದ ಕೊಂಚ ಒಳಗಿರುವ ಒಂದು ಹೊಲದ ಅಂಚಿನಲ್ಲಿ, ಒಂದು ಅಪರೂಪದ ಪತಂಗಕ್ಕಾಗಿ ನಾವು ನೆಟ್ಟಿದ್ದ ನಲವತ್ತು ಹಂದಿ ಸೋಂಪಿನ ಗಿಡಗಳ ಸುತ್ತ ಮೊಣಕಾಲೆತ್ತರ ಬೆಳೆದಿದ್ದ ಹುಲ್ಲನ್ನೆಲ್ಲ ಕೊಯ್ದು ಚೊಕ್ಕಟ ಮಾಡಿದೆ. ನಾನು ಹಿಪ್ಪುನೇರಳೆ ತೋಟದಲ್ಲಿ ಬೆಳೆದವಳು. ಸಾಲಿನ ನಡುವೆ ಕಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಸಂಜೆಯ ಹೊತ್ತಿಗೆ ಗಿಡಗಳು ಬೋಳು ನೆಲದಲ್ಲಿ ಸಾಲಾಗಿ ನಿಂತಿದ್ದವು, ನನಗೆ ಹೆಮ್ಮೆಯೋ ಹೆಮ್ಮೆ. ನನ್ನನ್ನು ಈ ಸ್ವಯಂಸೇವಕರ ಗುಂಪಿಗೆ ಸೇರಿಸಿದ ಹಿರಿಯ ಹೆಂಗಸು ಬಂದು ನೋಡಿದರು. ಬೈಯಲಿಲ್ಲ. ಕೊಯ್ದ ಹುಲ್ಲಿನ ರಾಶಿಯ ಕಡೆ ಕೈ ತೋರಿಸಿ, "ಇಲ್ಲಿ ಪತಂಗ ಇದ್ದಿದ್ದರೆ ಮುಂದಿನ ವರ್ಷದ ಸಂತಾನವೆಲ್ಲ ಆ ರಾಶಿಯಲ್ಲಿರುತ್ತಿತ್ತು" ಎಂದರು, ಅಷ್ಟೆ. ಪುಣ್ಯಕ್ಕೆ ಆ ವರ್ಷ ಅಲ್ಲಿಗೆ ಪತಂಗ ಇನ್ನೂ ಬಂದಿರಲಿಲ್ಲ.

ಗಿಡ ನೆಡುವುದಕ್ಕೆ ಎಲ್ಲರೂ ಮುಂದೆ ಬರುತ್ತಾರೆ. ಸುತ್ತಲಿನ ಒರಟು ಹುಲ್ಲನ್ನು ಹಾಗೆಯೇ ಬಿಡಿ ಎಂದರೆ ಮಾತ್ರ ಯಾರಿಗೂ ಸಹನೆ ಇರುವುದಿಲ್ಲ. ಈ ಬರಹದಲ್ಲಿ ಹುಲ್ಲಿನ ವಿಷಯ ಮತ್ತೆ ಮತ್ತೆ ಬಂದರೆ ಬೇಸರಿಸಬೇಡಿ.

ಪತಂಗದ ಹೆಸರು ಫಿಷರ್ಸ್ ಎಸ್ಚುವರೈನ್ ಮಾತ್, ಎಂದರೆ ಫಿಷರ್ ಅವರ ಅಳಿವೆ ಪತಂಗ. ವಿಜ್ಞಾನಿಗಳು ಇದನ್ನು ಗೊರ್ಟಿನಾ ಬೊರೆಲಿಯಿ ಲುನಾಟಾ ಎನ್ನುತ್ತಾರೆ. 1968ರಲ್ಲಿ ಬೆನ್ ಫಿಷರ್ ಎಂಬುವರು ಎಸೆಕ್ಸ್ ಕರಾವಳಿಯಲ್ಲಿ ಕಂಡುಹಿಡಿಯುವವರೆಗೆ ಬ್ರಿಟನ್ನಿನಲ್ಲಿ ಇದು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಯುರೋಪಿನ ಬೇರೆ ದೇಶಗಳಲ್ಲಿ ಅಲ್ಲಲ್ಲಿ ಇದೆ. ಇಲ್ಲಿ ಮಾತ್ರ ಎರಡೇ ಕಡೆ: ಎಸೆಕ್ಸಿನ ಉತ್ತರ ಕರಾವಳಿ ಮತ್ತು ಥೇಮ್ಸ್ ಅಳಿವೆಯ ಆಚೆ ದಡದಲ್ಲಿರುವ ಕೆಂಟಿನ ಉತ್ತರ ಕರಾವಳಿ. ಇಷ್ಟು ಕಡಿಮೆ ಏಕೆಂದರೆ ಇದರ ಹುಳು ಒಂದೇ ಒಂದು ಗಿಡವನ್ನು ತಿನ್ನುತ್ತದೆ, ಆ ಗಿಡ ಬ್ರಿಟನ್ನಿನಲ್ಲಿ ಬೆಳೆಯುವುದೇ ಆ ಎರಡು ಕಡೆ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಹೇಗೋ ಇದಕ್ಕೆ ಹಾಗ್ಸ್ ಫೆನೆಲ್ ಹಾಗೆ. ಮನೆಯಲ್ಲಿ ನಾವು ಅದನ್ನು ಹಂದಿ ಸೋಂಪು ಎಂದು ಕರೆಯುತ್ತೇವೆ. ಹೆಸರಿಗೆ ಅದಕ್ಕಿಂತ ಒಳ್ಳೆಯ ಕನ್ನಡ ನನಗೆ ಹೊಳೆದಿಲ್ಲ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಅಲ್ಲಿ ಪತಂಗ ಎಂದರೆ ನಷ್ಟ. ಗೂಡಿನಿಂದ ಚಿಟ್ಟೆ ಹೊರಬಂತು ಎಂದರೆ ಗೂಡು ತೂತಾಯಿತು, ನೂಲು ತುಂಡಾಯಿತು, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಹಾಗಾಗಿ ಹಣ ಬಾರದ ಒಂದು ಹುಳುವಿಗಾಗಿ ಮಗಳು ಚಳಿಯಲ್ಲಿ ಹೊಲಕ್ಕೆ ಹೋಗುತ್ತಾಳೆ ಎಂದಾಗ ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನಕ್ಕೆ ಹಣ್ಣಾಗುತ್ತದೆ?"

ಹುಳು ತಿಂದು ಮುಗಿಸಿ ಗೂಡು ಕಟ್ಟಲು ಸಿದ್ಧವಾಗುವುದಕ್ಕೆ ನಮ್ಮಲ್ಲಿ ಹಣ್ಣಾಗುವುದು ಎನ್ನುತ್ತಾರೆ. ಉತ್ತರ ಹೇಳಲು ಒಂದು ವರ್ಷದ ಲೆಕ್ಕ ಬೇಕು. ರೇಷ್ಮೆ ಹುಳು ಚಾಕಿಯಿಂದ, ಎಂದರೆ ಎಳೆ ಹುಳುವಿನ ಹಂತದಿಂದ, ಗೂಡು ಕಟ್ಟುವ ಚಂದ್ರಿಕೆಗೆ ಹೋಗಲು ಒಂದು ತಿಂಗಳು ಬೇಡ. ವರ್ಷಕ್ಕೆ ಐದಾರು ಬೆಳೆ ತೆಗೆಯುವವರಿದ್ದಾರೆ. ಇದು ವರ್ಷಕ್ಕೆ ಒಂದೇ ತಲೆಮಾರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಬರೀ ಮೊಟ್ಟೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಾರಾಡುವ ಹೆಣ್ಣು ಪತಂಗ ಮೊಟ್ಟೆ ಇಡುವುದು ಹಂದಿ ಸೋಂಪಿನ ಮೇಲಲ್ಲ. ಅದರ ಪಕ್ಕದಲ್ಲಿ ಬೆಳೆದ ಒರಟು ಹುಲ್ಲನ್ನು ಹುಡುಕಿ, ಕಾಂಡಕ್ಕೆ ಎಲೆಯ ಬುಡ ಸುತ್ತಿಕೊಂಡಿರುತ್ತದಲ್ಲ, ಆ ಸಂದಿಯೊಳಗೆ ಸಾಲಾಗಿ ಇಡುತ್ತದೆ. ಗಿಡ ಚಳಿಗಾಲದಲ್ಲಿ ನೆಲದ ಮೇಲೆ ಒಣಗಿ ಸತ್ತುಹೋಗುತ್ತದೆ, ಬೇರಷ್ಟೇ ಜೀವಂತ. ಒಣ ಹುಲ್ಲು ಮಾತ್ರ ಗಾಳಿ ಮಂಜಿಗೆಲ್ಲ ನಿಂತೇ ಇರುತ್ತದೆ. ಯೋಚಿಸಿ ನೋಡಿದರೆ ಪತಂಗಕ್ಕೆ ನನಗಿಂತ ಬುದ್ಧಿ ಹೆಚ್ಚು. ಅದು ಆರಿಸಿದ ತೊಟ್ಟಿಲನ್ನೇ ನಾನು ಕಳೆ ಎಂದು ಕೊಯ್ದಿದ್ದೆ.

ಏಪ್ರಿಲ್ ಮುಗಿದು ಮೇ ಬರುವ ಹೊತ್ತಿಗೆ ಮೊಟ್ಟೆ ಒಡೆಯುತ್ತದೆ. ಅಷ್ಟರಲ್ಲಿ ಹಂದಿ ಸೋಂಪು ಹೊಸದಾಗಿ ಚಿಗುರಿರುತ್ತದೆ. ಚಾಕಿ ಹುಳುವಿಗೆ ನಾವು ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬಾಯಿಗೇ ಹಾಕುತ್ತೇವೆ. ಇಲ್ಲಿ ಕೂದಲಿನಷ್ಟು ಸಣ್ಣ ಹುಳು ಹುಲ್ಲಿನಿಂದಿಳಿದು ತಾನೇ ತೆವಳಿಕೊಂಡು ಹೋಗಿ ಗಿಡ ಹುಡುಕಬೇಕು. ಹುಲ್ಲು ಒಂದು ಕಡೆ, ಗಿಡ ಹತ್ತು ಮಾರು ದೂರ ಇದ್ದರೆ ಆಯಿತು, ಕಥೆ ಮುಗಿಯಿತು. ಸಿಕ್ಕರೆ ಕಾಂಡದೊಳಗೆ ಕೊರೆದುಕೊಂಡು ಹೋಗುತ್ತದೆ, ನಿಧಾನವಾಗಿ ಕೆಳಗಿಳಿದು ಬೇರು ಸೇರುತ್ತದೆ. ಭತ್ತ ಬೆಳೆಯುವವರಿಗೆ ಕಾಂಡ ಕೊರಕ ಎಂದರೆ ಅರ್ಥವಾದೀತು. ಅದೇ ಕಸುಬು, ಆದರೆ ಇಲ್ಲಿ ನಾವು ಔಷಧಿ ಹೊಡೆಯುವ ಬದಲು ಬರಲಿ ಎಂದು ಕಾಯುತ್ತೇವೆ. ಬೇರಿನೊಳಗೆ ತಿಂದು ಕೊಬ್ಬಿದ ಹುಳು ಆಗಸ್ಟಿನ ಹೊತ್ತಿಗೆ ಮಣ್ಣಿನಡಿಯಲ್ಲೇ ಕೋಶವಾಗುತ್ತದೆ. ರೇಷ್ಮೆಯಿಲ್ಲ, ಗೂಡಿಲ್ಲ. ಅಮ್ಮನಿಗೆ ಇದನ್ನು ಹೇಳಿದಾಗ ಆಕೆಗೆ ಹುಳುವಿನ ಮೇಲಿದ್ದ ಕೊನೆಯ ಆಸಕ್ತಿಯೂ ಹೋಯಿತು.

ಇನ್ನು ಜಾಗ. ಕೋಲ್ಚೆಸ್ಟರಿನಿಂದ ವಾಲ್ಟನ್ ಆನ್ ದ ನೇಜ್ ಎಂಬ ಊರಿಗೆ ರೈಲಿದೆ. ಊರಿನ ಉತ್ತರಕ್ಕೆ ನೇಜ್ ಎಂಬ ಭೂಶಿರ, ಅದರ ಮೇಲೆ ಹಡಗಿನವರಿಗೆ ಗುರುತಾಗಲೆಂದು 1720ರ ಸುಮಾರಿಗೆ ಕಟ್ಟಿದ ಎಂಟು ಮೂಲೆಯ ಇಟ್ಟಿಗೆ ಗೋಪುರ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಹ್ಯಾಮ್‌ಫರ್ಡ್ ವಾಟರ್: ಕಾಲುವೆಗಳು, ಕೆಸರು, ಸಣ್ಣ ದ್ವೀಪಗಳು, ಉಪ್ಪು ಜೌಗು. ಭರತ ಬಂದಾಗ ಕೆರೆಯಂತೆ ತುಂಬುತ್ತದೆ, ಇಳಿದಾಗ ಬೂದು ಕೆಸರು ಹೊಳೆಯುತ್ತದೆ. ಈ ಪತಂಗಕ್ಕಾಗಿಯೇ ಹ್ಯಾಮ್‌ಫರ್ಡ್ ವಾಟರ್ ಅನ್ನು ವಿಶೇಷ ಸಂರಕ್ಷಣಾ ಪ್ರದೇಶವೆಂದು ಗುರುತಿಸಿದ್ದಾರೆ. ಅಲ್ಲಿನ ಸ್ಕಿಪ್ಪರ್ಸ್ ದ್ವೀಪದಲ್ಲಿ ಹಂದಿ ಸೋಂಪು ದಟ್ಟವಾಗಿದೆ. ಆದರೆ ಮನಸ್ಸು ಬಂದಾಗ ದೋಣಿ ಹತ್ತಿ ಹೋಗುವ ಜಾಗವಲ್ಲ ಅದು, ಅನುಮತಿ ಬೇಕು.

ಜೌಗು ಎಂದೊಡನೆ ಗಿಡ ಕೆಸರಿನಲ್ಲಿ ನಿಂತಿರುತ್ತದೆ ಎಂದುಕೊಳ್ಳಬೇಡಿ. ನಾನು ಬೂಟು ತುಂಬ ಕೆಸರು ಮಾಡಿಕೊಂಡು ಅರ್ಧ ದಿನ ಹುಡುಕಿದ್ದೇನೆ. ಅದು ಇರುವುದು ಜೌಗಿನ ಅಂಚಿನಲ್ಲಿ, ಭರತದ ನೀರು ಮುಟ್ಟುವ ಗೆರೆಗಿಂತ ತುಸು ಮೇಲೆ, ಸಮುದ್ರವನ್ನು ತಡೆಯಲು ಕಟ್ಟಿದ ಮಣ್ಣಿನ ಏರಿಯ ಇಳಿಜಾರಿನಲ್ಲಿ, ಜೇಡಿಮಣ್ಣಿನ ದಿಬ್ಬಗಳಲ್ಲಿ. ನಮ್ಮ ಕೆರೆ ಏರಿಯನ್ನು ನೆನೆಸಿಕೊಳ್ಳಿ, ನೀರಿನ ಬದಲು ಆಚೆ ಕಡೆ ಸಮುದ್ರ. ಅಪಾಯ ಇರುವುದೂ ಅಲ್ಲೇ. 1953ರ ಜನವರಿ ಕೊನೆಯ ರಾತ್ರಿ ಉತ್ತರ ಸಮುದ್ರ ಈ ಏರಿಗಳನ್ನು ಒಡೆದು ನುಗ್ಗಿ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2013ರ ಡಿಸೆಂಬರಿನಲ್ಲಿ ಮತ್ತೊಮ್ಮೆ ದೊಡ್ಡ ಅಲೆ ಎದ್ದಿತ್ತು. ಸಮುದ್ರ ಏರುತ್ತಿದೆ, ಪತಂಗದ ಸಂಸಾರವೆಲ್ಲ ಏರಿಯ ಬುಡದಲ್ಲಿದೆ. ಅದಕ್ಕೇ ಒಳನಾಡಿನಲ್ಲಿ, ಉಪ್ಪುನೀರು ಬಾರದ ಕಡೆ, ರೈತರ ಹೊಲದಂಚಿನಲ್ಲಿ ಹಂದಿ ಸೋಂಪನ್ನು ನೆಟ್ಟು, ಕೋಲ್ಚೆಸ್ಟರ್ ಮೃಗಾಲಯದಲ್ಲಿ ಸಾಕಿದ ಪತಂಗಗಳನ್ನು ಅಂಥ ಕಡೆಗಳಲ್ಲಿ ಬಿಡುವ ಕೆಲಸ ನಡೆದಿದೆ. ಬಿಡುವುದು ಪರವಾನಗಿ ಇರುವವರ ಕೆಲಸ. ನೆಡುವುದು, ಕಾಯುವುದು, ಎಣಿಸುವುದು ನಮ್ಮಂಥವರದು.

ಗಿಡ ಗುರುತಿಸಲು ಕನ್ನಡದ ಅಡುಗೆಮನೆ ಸಾಕು. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ ಎಲ್ಲ ಒಂದೇ ಕುಲ, ಹಂದಿ ಸೋಂಪೂ ಅದೇ ಕುಲ. ಸಬ್ಬಸಿಗೆ ಸೊಪ್ಪನ್ನು ನಾಲ್ಕು ಪಾಲು ದೊಡ್ಡದು ಮಾಡಿ, ಎಳೆಗಳನ್ನು ಉದ್ದಕ್ಕೆ ಎಳೆದು, ಸ್ವಲ್ಪ ಬಿರುಸು ಮಾಡಿದರೆ ಎಲೆ ಸಿದ್ಧ. ಎಲೆಗಳೆಲ್ಲ ಸೇರಿ ಗುಂಡಗೆ ಪೊದೆಯಂತೆ ಕಾಣುತ್ತವೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಎದೆಯೆತ್ತರದ ಕಾಂಡದ ತುದಿಯಲ್ಲಿ ಕೊಡೆ ಬಿಚ್ಚಿದಂಥ ಹಳದಿ ಹೂಗೊಂಚಲು. ಕರಾವಳಿಯಲ್ಲಿ ನಿಜವಾದ ಸೋಂಪಿನ ಗಿಡವೂ ಕಾಡುಬಿದ್ದು ಬೆಳೆದಿರುತ್ತದೆ, ಹೂವು ಅದರದೂ ಹಳದಿ. ಎಲೆ ತಿಕ್ಕಿ ಮೂಸಿ: ಊಟದ ನಂತರ ಬಾಯಿಗೆ ಹಾಕಿಕೊಳ್ಳುವ ಸೋಂಪಿನ ವಾಸನೆ ಬಂದರೆ ಅದು ನಮಗೆ ಬೇಕಾದ್ದಲ್ಲ. ಹಂದಿ ಸೋಂಪಿನ ಬೇರಿಗೆ ಗಂಧಕದ ವಾಸನೆ, ಇಂಗು ಕೂಡ ಇದೇ ಕುಲದ್ದು ಎಂಬುದು ನೆನಪಾಗುತ್ತದೆ. ಹಾಗೆಂದು ಬೇರು ಅಗೆದು ಮೂಸಲು ಹೋಗಬೇಡಿ, ಕಾರಣ ಮುಂದೆ ಹೇಳುತ್ತೇನೆ. ಸಾರಿಗೆ ಹಾಕುವ ಆಸೆಯೂ ಬೇಡ. ಈ ಕುಲದಲ್ಲೇ ಹೆಮ್ಲಾಕ್ ಎಂಬ ಪ್ರಾಣ ತೆಗೆಯುವ ವಿಷದ ಗಿಡವಿದೆ, ಎಸೆಕ್ಸಿನ ಹಳ್ಳಕೊಳ್ಳಗಳ ದಡದಲ್ಲಿ ಧಾರಾಳವಾಗಿದೆ. ಇದರ ನೆಂಟರಲ್ಲಿ ಹಲವಕ್ಕೆ ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುವ ಗುಣವೂ ಇದೆ, ಆದ್ದರಿಂದ ಕೈಗವಸು ಹಾಕಿಕೊಳ್ಳಿ.

ಬೀಜವನ್ನು ಏರಿಯ ಮೇಲಿನ ಗಿಡಗಳಿಂದ ಕಿತ್ತು ತರಬಾರದು, ಜಾಗದ ಒಡೆಯರ ಒಪ್ಪಿಗೆಯಿಂದ ಸಂಗ್ರಹಿಸಿದವರಿಂದ ಪಡೆಯಬೇಕು. ಅದೇ ಕರಾವಳಿಯ ಗಿಡದ ಬೀಜವಾದರೆ ಒಳ್ಳೆಯದು. ತಾಜಾ ಬೀಜ ಮುಖ್ಯ. ಡಬ್ಬಿಯಲ್ಲಿ ಎರಡು ವರ್ಷ ಇಟ್ಟ ಬೀಜವನ್ನು ನಾನೊಮ್ಮೆ ಬಿತ್ತಿ ಮಣ್ಣಿಗೆ ನೀರು ಹಾಕಿದ್ದಷ್ಟೇ ಬಂತು. ಶರತ್ಕಾಲದಲ್ಲೇ ಬಿತ್ತಿ ಕುಂಡಗಳನ್ನು ಹೊರಗೆ ಬಿಡಿ. ಮಂಜು ಬೀಳಲಿ, ಮಣ್ಣು ಹೆಪ್ಪುಗಟ್ಟಲಿ. ಚಳಿ ಕಂಡ ಬೀಜವೇ ವಸಂತದಲ್ಲಿ ಏಳುತ್ತದೆ. ಚಳಿಯೆಂದು ಕರುಣೆಯಿಂದ ಅಡುಗೆಮನೆಯ ಕಿಟಕಿಯಲ್ಲಿಟ್ಟ ಒಂದು ಕುಂಡದಲ್ಲಿ ನನಗೆ ಒಂದು ಮೊಳಕೆಯೂ ಬರಲಿಲ್ಲ. ಕುಂಡ ಆಳವಾಗಿರಲಿ, ತಾಯಿಬೇರು ನೇರ ಕೆಳಗಿಳಿಯುತ್ತದೆ. ಮೊದಲ ವರ್ಷ ನಾಲ್ಕು ಎಳೆ ಎಲೆ ಬಿಟ್ಟು ಸುಮ್ಮನಾಗುತ್ತದೆ, ಸತ್ತಿತೆಂದು ಎಸೆಯಬೇಡಿ. ಎರಡನೆಯ ವರ್ಷದ ಶರತ್ಕಾಲದಲ್ಲಿ ಬೇರು ಮುರಿಯದಂತೆ ನೆಲಕ್ಕೆ ಹಾಕಿ, ಮೊಲ ತಿನ್ನದಂತೆ ತಂತಿ ಬಲೆ ಸುತ್ತಿ. ಒಮ್ಮೆ ನೆಟ್ಟಮೇಲೆ ಕಿತ್ತು ಬೇರೆಡೆ ಇಡುವ ಯೋಚನೆಯನ್ನೇ ಬಿಡಿ. ಹುಳುವಿಗೆ ಊಟವಾಗುವಷ್ಟು ಬೇರು ದಪ್ಪವಾಗಲು ಇನ್ನೂ ಕೆಲವು ವರ್ಷ. ಹಿಪ್ಪುನೇರಳೆಯಂತೆ ನೇರ ಸಾಲಿನಲ್ಲಿ ನೆಡಬೇಕಿಲ್ಲ. ಹುಲ್ಲಿನ ನಡುವೆ ಗುಂಪು ಗುಂಪಾಗಿ ನೆಟ್ಟರೆ ಹುಳುವಿನ ದಾರಿ ಕಡಿಮೆಯಾಗುತ್ತದೆ.

ಈಗ ಮತ್ತೆ ಹುಲ್ಲು. ಎಂದೂ ಕೊಯ್ಯದೆ ಬಿಟ್ಟರೆ ಮುಳ್ಳುಪೊದೆ ಎದ್ದು ಹಂದಿ ಸೋಂಪನ್ನು ಮುಚ್ಚಿಬಿಡುತ್ತದೆ. ಕೊಯ್ಯೋಣವೆಂದರೆ ಶುಭ ಮುಹೂರ್ತವೇ ಇಲ್ಲ. ಸೆಪ್ಟೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಹುಲ್ಲಿನಲ್ಲಿ ಮೊಟ್ಟೆ. ಮೇ, ಜೂನ್‌ನಲ್ಲಿ ಕಾಂಡದಲ್ಲಿ ಹುಳು. ಆಗಸ್ಟಿನಲ್ಲಿ ಕೊಯ್ದರೆ ಕೆಳಗೆ ಕೋಶಕ್ಕೇನೂ ಆಗದು, ಆದರೆ ಮುಂದಿನ ತಿಂಗಳು ಮೊಟ್ಟೆ ಇಡಲು ಎತ್ತರದ ಹುಲ್ಲೇ ಇರುವುದಿಲ್ಲ. ಹಾಗಾಗಿ ನಮ್ಮ ಗುಂಪು ಜಾಗವನ್ನು ಮೂರು ಪಾಲು ಮಾಡಿದೆ. ಒಂದು ವರ್ಷ ಒಂದೇ ಪಾಲಿಗೆ ಕತ್ತರಿ, ಉಳಿದೆರಡನ್ನು ಮುಟ್ಟುವುದಿಲ್ಲ. ನಿಮ್ಮ ಜಾಗದಲ್ಲಿ ಪತಂಗ ಆಗಲೇ ಇದ್ದರೆ ಈ ತೀರ್ಮಾನವನ್ನೂ ನೀವೊಬ್ಬರೇ ಮಾಡಬಾರದು. ಬ್ರಿಟನ್ನಿನ ಕಾನೂನಿನಲ್ಲಿ ಇದು ಕಟ್ಟುನಿಟ್ಟಾಗಿ ರಕ್ಷಿಸಲ್ಪಟ್ಟ ಜೀವಿ. ಪತಂಗವನ್ನು ಹಿಡಿಯುವುದು, ಮೊಟ್ಟೆ ತೆಗೆಯುವುದು, ಅದು ಮರಿ ಮಾಡುವ ಜಾಗ ಹಾಳುಮಾಡುವುದು ಎಲ್ಲ ಅಪರಾಧ. ಬೇರು ಅಗೆಯಬೇಡಿ, ಹುಲ್ಲಿನ ಎಲೆ ಬಿಡಿಸಿ ಮೊಟ್ಟೆ ಇದೆಯೇ ನೋಡಬೇಡಿ ಎಂದು ಪದೇ ಪದೇ ಹೇಳುವುದು ಇದಕ್ಕೇ.

ಅಗೆಯದೆ, ಮುಟ್ಟದೆ ಹುಳು ಇದೆಯೆಂದು ತಿಳಿಯುವುದು ಹಿಕ್ಕೆಯಿಂದ. ಊರಿನಲ್ಲಿ ರೇಷ್ಮೆ ಹುಳುಗಳ ಹಾಸಿಗೆ ಬದಲಿಸುವಾಗ ಹಿಕ್ಕೆಯನ್ನು ಬುಟ್ಟಿಗಟ್ಟಲೆ ತಿಪ್ಪೆಗೆ ಸುರಿದವಳು ನಾನು. ಇಲ್ಲಿ ಒಂದು ಚಮಚ ಹಿಕ್ಕೆ ಕಂಡರೆ ಉಸಿರು ಬಿಗಿಹಿಡಿದು ಕೂರುತ್ತೇನೆ. ಜುಲೈ ಮಧ್ಯದಿಂದ ಆಗಸ್ಟ್ ಮೊದಲ ವಾರದೊಳಗೆ ಹೋಗಿ. ಎರಡು ದಿನ ಮಳೆ ಬಾರದ ಬೆಳಗು ಆರಿಸಿಕೊಳ್ಳಿ, ಮಳೆ ಬಂದರೆ ಗುರುತೆಲ್ಲ ತೊಳೆದುಹೋಗುತ್ತದೆ. ಗಿಡದ ಬುಡದ ಎಲೆಗಳನ್ನು ಒಂದು ಕಡ್ಡಿಯಿಂದ ಮೆಲ್ಲನೆ ಸರಿಸಿ, ಕಾಂಡ ನೆಲ ಸೇರುವ ಜಾಗ ನೋಡಿ. ಬಡಗಿ ಗರಗಸ ಎಳೆದ ಕಡೆ ಬೀಳುವ ಹೊಟ್ಟಿನಂಥ, ಹಳದಿ ಮಿಶ್ರಿತ ಕಂದು ಪುಡಿ ಸಣ್ಣ ಗುಡ್ಡೆಯಾಗಿ ಬಿದ್ದಿದ್ದರೆ ಒಳಗೆ ಯಾರೋ ಊಟಕ್ಕೆ ಕೂತಿದ್ದಾರೆ. ಇರುವೆ ಎತ್ತಿದ ಮಣ್ಣನ್ನು ಹಿಕ್ಕೆ ಎಂದುಕೊಂಡು ಕುಣಿದಾಡುವುದು ಎಲ್ಲ ಹೊಸಬರಿಗೂ ಆಗುತ್ತದೆ. ಮಣ್ಣಿನ ಕಾಳು ಬೂದು, ಹಿಕ್ಕೆಯಲ್ಲಿ ನಾರು ಕಾಣುತ್ತದೆ. ಎಷ್ಟು ಗಿಡ ನೋಡಿದೆ, ಎಷ್ಟರಲ್ಲಿ ಹಿಕ್ಕೆ ಇತ್ತು, ಎರಡನ್ನೂ ಬರೆದುಕೊಳ್ಳಿ. ಹಿಕ್ಕೆ ಇಲ್ಲದ ಗಿಡದ ಲೆಕ್ಕ ಬಿಟ್ಟರೆ ಮುಂದಿನ ವರ್ಷ ಹೋಲಿಸಲು ಏನೂ ಉಳಿಯುವುದಿಲ್ಲ.

ಪತಂಗವನ್ನೇ ನೋಡಬೇಕೆಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರ, ಗಾಳಿಯಿಲ್ಲದ ರಾತ್ರಿ. ಏಳೂವರೆಗೆಲ್ಲ ಇಲ್ಲಿ ಕತ್ತಲು. ಹೋಗುವ ಮುಂಚೆ ಭರತ ಇಳಿತದ ಪಟ್ಟಿ ನೋಡಿ, ಒಬ್ಬರೇ ಹೋಗಬೇಡಿ, ಏರಿಯ ಮೇಲಿನ ಕಾಲುದಾರಿ ಬಿಟ್ಟು ಕೆಳಗಿಳಿಯಬೇಡಿ. ದೀಪದ ಪೆಟ್ಟಿಗೆ ಇಡುವ ಬದಲು ಟಾರ್ಚ್ ಹಿಡಿದು ನಿಧಾನಕ್ಕೆ ನಡೆಯುವುದು ನನಗೆ ಹೆಚ್ಚು ಫಲ ಕೊಟ್ಟಿದೆ. ಒಣ ಹುಲ್ಲಿನ ಕಡ್ಡಿಗೆ ಅಂಟಿಕೊಂಡಿರುತ್ತದೆ: ದಪ್ಪ ಮೈ, ಕೆಂಪು ಹೊಂಬಣ್ಣದ ರೆಕ್ಕೆ, ಅದರ ಮೇಲೆ ಬಿಳಿಯ ಮಚ್ಚೆಗಳು. ಇದರ ಹತ್ತಿರದ ನೆಂಟ ಫ್ರಾಸ್ಟೆಡ್ ಆರೆಂಜ್ ಎಂಬ ಪತಂಗವೂ ಅದೇ ಕಾಲಕ್ಕೆ ಹಾರುತ್ತದೆ. ಅದು ಗಾತ್ರದಲ್ಲಿ ಚಿಕ್ಕದು, ಮುಳ್ಳುಗಿಡ ಮೊದಲಾದ ಸಾಮಾನ್ಯ ಗಿಡಗಳಲ್ಲೇ ಬೆಳೆಯುವುದರಿಂದ ಎಲ್ಲೆಂದರಲ್ಲಿ ಸಿಗುತ್ತದೆ. ನಾನು ಮೊದಲು ನೋಡಿ ಹಿಗ್ಗಿದ್ದು ಅದನ್ನೇ. ಫೋಟೋ ತೆಗೆಯುವುದಾದರೆ ಒಂದು, ಎರಡು, ಸಾಕು. ಟಾರ್ಚನ್ನು ಅದರ ಮೇಲೇ ಹಿಡಿದು ನಿಲ್ಲಬೇಡಿ.

ನಮ್ಮ ಹೊಲದಂಚಿಗೆ ಪರವಾನಗಿ ಇರುವವರು ಪತಂಗ ಬಿಟ್ಟ ಮರುವರ್ಷದ ಜುಲೈನಲ್ಲಿ ಅರವತ್ತೊಂದು ಗಿಡ ನೋಡಿದೆವು. ಏಳರಲ್ಲಿ ಹಿಕ್ಕೆ. ಏಳೂ ಹುಲ್ಲು ದಟ್ಟವಾಗಿದ್ದ ಪಾಲಿನಲ್ಲೇ ಇದ್ದವು. ಒಂದರ ಫೋಟೋ ತೆಗೆದು, ಪಕ್ಕದಲ್ಲಿ ಒಂದು ಪೆನ್ಸಿಲ್ ಇಟ್ಟು, ಅಮ್ಮನಿಗೆ ಕಳಿಸಿದೆ. ಅರ್ಧ ಗಂಟೆಯ ನಂತರ ಫೋನು ಬಂತು. ಈ ಹುಳುವನ್ನು ಜನ್ಮದಲ್ಲಿ ನೋಡದ ಆಕೆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದ್ದಳಂತೆ.

"ಕಾಳು ದಪ್ಪವಾಗಿದೆ ಕಣಮ್ಮ. ಇದು ಸಣ್ಣ ಹುಳುವಿನದಲ್ಲ, ದೊಡ್ಡ ಜ್ವರ ದಾಟಿದ್ದು. ಆದರೆ ಇನ್ನೂ ಹಣ್ಣಾಗಿಲ್ಲ. ಹಣ್ಣಾಗುವ ಮೊದಲು ತಿನ್ನುವುದನ್ನು ಬಿಡುತ್ತದೆ, ಹಿಕ್ಕೆ ನಿಲ್ಲುತ್ತದೆ. ಇನ್ನೊಂದು ವಾರ ಬಿಟ್ಟು ನೋಡು."

ದೊಡ್ಡ ಜ್ವರ ಎಂದರೆ ರೇಷ್ಮೆ ಹುಳು ಕೊನೆಯ ಸಲ ಪೊರೆ ಕಳಚುವುದು. ಬೇರು ಕೊರೆಯುವ ಹುಳುವಿಗೆ ಆ ಲೆಕ್ಕ ಹೊಂದುತ್ತದೆಯೇ ಎಂದು ನಮ್ಮ ಗುಂಪಿನ ಹಿರಿಯರನ್ನು ಕೇಳಿದೆ, ಅವರು ನಕ್ಕರು. ಒಂಬತ್ತು ದಿನ ಬಿಟ್ಟು ಅದೇ ಗಿಡಕ್ಕೆ ಹೋದೆ. ಗುಡ್ಡೆ ಹಾಗೆಯೇ ಇತ್ತು, ಮೇಲಿನ ಪದರ ಒಣಗಿ ಬಣ್ಣ ಕೆಟ್ಟಿತ್ತು, ಹೊಸದೇನೂ ಬಿದ್ದಿರಲಿಲ್ಲ.